ಎದೆ ನೋಯುವ ಕುದುರೆ ಹೊರಳುವುದಿಲ್ಲ

ಅಣ್ಣನ ಮಗಳು ಪಶುವೈದ್ಯೆಯಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂಡುಬಿದಿರೆಯ ನಮ್ಮ ಮನೆಗೆ ಬಂದಿದ್ದಳು. ಚಾ ಕುಡಿಯುತ್ತ, "ಅತ್ತೆ, ನಿಮಗೆ ಸರ್ವೀಸಿನಲ್ಲಿ ಹೆಚ್ಚು ಕಲಿಸಿದ ಪ್ರಾಣಿ ಯಾವುದು?" ಎಂದು ಕೇಳಿದಳು. ದನ ಎನ್ನುತ್ತೇನೆಂದು ಎಣಿಸಿರಬೇಕು. ನಾನು "ಕುದುರೆ" ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಕಡೆ ಎಲ್ಲಿ ಉಂಟು ಅತ್ತೆ ಕುದುರೆ? ದೈವದ ಗುಡಿಯಲ್ಲಿ ಮರದ್ದು ಮಾತ್ರ ಇರುವುದು!" ಎಂದಳು.

ನಗಲಿ, ಪಾಪ. ಆದರೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಏನಾದರೂ ಬರೆದಿಡಬೇಕೆಂದು ಕುಳಿತರೆ ನನಗೆ ಕಣ್ಣ ಮುಂದೆ ಬರುವುದು ಆ ಕೆಲವು ಕುದುರೆಗಳೇ. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದಿಸಿದರು ಎಂದೆಲ್ಲ ಬರೆಯಹೊರಟರೆ ಓದುವವರಿಗೆ ಮಾತ್ರವಲ್ಲ, ಬರೆಯುವ ನನಗೂ ಆಕಳಿಕೆ ಬರುತ್ತದೆ. ಅದು ಬೇಡ. ಕುದುರೆಯ ಶ್ವಾಸಕೋಶದ ವಿಷಯ ಬರೆಯುತ್ತೇನೆ. ಅದನ್ನು ಸರಿಯಾಗಿ ಕಲಿತವರಿಗೆ ದನದ್ದೂ ಕೋಣದ್ದೂ ಅರ್ಧ ತಿಳಿದ ಹಾಗೆ. ನಾವು ಮಾತಾಡಿದ್ದೆಲ್ಲ ಹೆಚ್ಚಾಗಿ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬಂಟ್ವಾಳದ ದನದ ಆಸ್ಪತ್ರೆಗೆ ಬಂದೆ. ಹೆಣ್ಣು ಡಾಕ್ಟರು ಬಂದಿದ್ದಾಳೆಂದು ನೋಡಲಿಕ್ಕೇ ಕೆಲವರು ಬರುತ್ತಿದ್ದರು. ಒಬ್ಬರು ಬಾಗಿಲಲ್ಲಿ ನಿಂತು, "ಡಾಕ್ಟ್ರು ಇಲ್ವಾ?" ಎಂದರು. "ನಾನೇ" ಎಂದೆ. "ಅಲ್ಲ, ದೊಡ್ಡ ಡಾಕ್ಟ್ರು?" ಎಂದರು. "ನನಗಿಂತ ದೊಡ್ಡವರು ಬೇಕಾದರೆ ಮಂಗಳೂರಿಗೆ ಹೋಗಿ, ಅಷ್ಟರಲ್ಲಿ ನಿಮ್ಮ ದನ ಕರು ಹಾಕಿ ಆಗಿರುತ್ತದೆ" ಎಂದೆ. ಬಾಯಿ ನನಗೆ ಮೊದಲಿನಿಂದಲೂ ಸ್ವಲ್ಪ ಜೋರು. ಅದರಿಂದ ನಷ್ಟವಾದದ್ದಕ್ಕಿಂತ ಲಾಭವಾದದ್ದೇ ಹೆಚ್ಚು.

ಅಲ್ಲಿ ಆಗ ಉಳಿದಿದ್ದ ಕುದುರೆಗಾಡಿಗಳಲ್ಲಿ ಒಂದು ನರಿಕೊಂಬಿನ ಮೋನಬ್ಬರದ್ದು. ತೆಳ್ಳಗಿನ ಆಳು, ತಲೆಗೆ ಬಿಳಿ ಟೊಪ್ಪಿ, ಹೆಚ್ಚು ಮಾತಿಲ್ಲ. ಗಾಡಿಗೆ ಪರದೆ ಕಟ್ಟಿದ್ದರಿಂದ ಬ್ಯಾರಿ ಮುಸ್ಲಿಮರ ಮನೆಗಳ ಹೆಂಗಸರು ನೆಂಟರ ಮನೆಗೆ ಹೋಗಲು, ಬಸುರಿಯರು ಆಸ್ಪತ್ರೆಗೆ ಹೋಗಲು ಅವರನ್ನೇ ಕರೆಯುತ್ತಿದ್ದರು. ಕುದುರೆಯ ಹೆಸರು ಸುಲ್ತಾನ್. ಅದಕ್ಕೆ ಒಂದು ಮಳೆಗಾಲದಲ್ಲಿ ಕೆಮ್ಮು ಬಂತು. ಬರೀ ಶೀತ, ನಾಲ್ಕು ದಿನ ಗಾಡಿ ಬಿಚ್ಚಿ ನಿಲ್ಲಿಸಿದ್ದರೆ ತಾನಾಗಿ ಹೋಗುತ್ತಿತ್ತು.

ಆದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಕೋಣ. ಕಂಬಳದ ಕೋಣವನ್ನು ಮಗನಿಗಿಂತ ಹೆಚ್ಚು ಮುದ್ದಿನಿಂದ ಸಾಕುವ ಊರು ಇದು. ಕೋಣಕ್ಕೆ ಏನೇ ಆಗಲಿ, ಶುಂಠಿ, ಕಾಳುಮೆಣಸು, ತೆಂಗಿನೆಣ್ಣೆ ಹಾಕಿ ಕಷಾಯ ಕುದಿಸುತ್ತಾರೆ. ಇಬ್ಬರು ಅದರ ಮೂತಿಯನ್ನು ಮೇಲಕ್ಕೆತ್ತಿ ಹಿಡಿಯುತ್ತಾರೆ, ಮೂರನೆಯವನು ಓರೆಯಾಗಿ ಕೊಯ್ದ ಬಿದಿರಿನ ಗೊಟ್ಟವನ್ನು ಬಾಯೊಳಗೆ ತೂರಿಸಿ ಗಟಗಟನೆ ಹೊಯ್ಯುತ್ತಾನೆ. ಪಳಗಿದ ಕೈಯಾದರೆ ಕೋಣ ನುಂಗಿಬಿಡುತ್ತದೆ. ಸುಲ್ತಾನನಿಗೂ ಹಾಗೇ ಮಾಡಿದರು. ಕುದುರೆ ಬಾಯಿಂದ ಉಸಿರಾಡುವ ಪ್ರಾಣಿಯಲ್ಲ, ತಲೆ ಮೇಲಕ್ಕೆತ್ತಿ ಸುರಿದರೆ ಅದಕ್ಕೆ ನುಂಗಲಿಕ್ಕೂ ಆಗುವುದಿಲ್ಲ, ಕೆಮ್ಮಿ ಉಗುಳಲಿಕ್ಕೂ ಆಗುವುದಿಲ್ಲ. ಕಷಾಯ ನೇರ ಎದೆಗೆ ಇಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆ ಕೇಳಿದ್ದೆ. ಇಲ್ಲಿ ಕೋಣದ ಮದ್ದು ಕುದುರೆಯ ಜೀವ ತೆಗೆಯಿತು.

ನನ್ನನ್ನು ಕರೆಯುವಾಗ ಅದರ ಉಸಿರು ನಾರುತ್ತಿತ್ತು. ಮೂಗಿನಿಂದ ಕಂದು ನೀರು. ಆಸ್ಪತ್ರೆಯಲ್ಲಿದ್ದ ಪೆನ್ಸಿಲಿನ್ ಎಲ್ಲ ಚುಚ್ಚಿದೆ. ನಾರುವ ಉಸಿರಿನ ಮುಂದೆ ಅದರದ್ದು ಏನೂ ನಡೆಯಲಿಲ್ಲ. ಸತ್ತ ಮೇಲೆ ಮೋನಬ್ಬ, "ಡಾಕ್ಟ್ರಮ್ಮ, ಒಳಗೆ ಎಂತ ಆಗಿದೆ ಅಂತ ನನಗೆ ನೋಡ್ಬೇಕು" ಎಂದರು. ಬೇಡವೆಂದೆ. ಕೇಳಲಿಲ್ಲ. ಹೊಳೆಯ ಬದಿಯಲ್ಲಿ ಎದೆ ತೆರೆದು ತೋರಿಸಿದೆ. ಒಳ್ಳೆಯ ಶ್ವಾಸಕೋಶದ ತುಂಡನ್ನು ನೀರಿಗೆ ಹಾಕಿದರೆ ತೇಲುತ್ತದೆ; ಸುಲ್ತಾನನದ್ದು ಬಾಲ್ದಿಯ ತಳ ಮುಟ್ಟಿತು. ಕತ್ತರಿಸಿದ ಜಾಗದಲ್ಲಿ ಶುಂಠಿಯ ನಾರು ಇತ್ತು. ಮೋನಬ್ಬ ಅದನ್ನು ನೋಡಿ, "ಯಾ ಅಲ್ಲಾ, ಇದು ನಾನೇ ಅರೆದದ್ದು" ಎಂದು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. ಆಮೇಲೆ ಗಾಡಿಯನ್ನು ಮನೆಯ ಹಿಂದೆ ತೆಂಗಿನ ಮಡಲು ಮುಚ್ಚಿ ನಿಲ್ಲಿಸಿದರು, ಭಾವನ ದಿನಸಿ ಅಂಗಡಿಯಲ್ಲಿ ಮೂಟೆ ಹೊರಲು ಸೇರಿದರು. ಇನ್ನೊಂದು ಕುದುರೆ ನನ್ನ ಕೈಗೆ ಬಂದರೆ ಹೀಗೆ ಸಾಯಲು ಬಿಡುವುದಿಲ್ಲವೆಂದು ಹಲ್ಲು ಕಚ್ಚಿದೆ.

ಹಲ್ಲು ಕಚ್ಚಿದರೆ ವಿದ್ಯೆ ಬರುವುದಿಲ್ಲವಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಕುದುರೆಯ ಪಾಠ ಬಂದರೆ, 'ನಮ್ಮೂರಿನಲ್ಲಿ ಇದೆಲ್ಲಿ ಬೇಕು' ಎಂದು ಹಿಂದಿನ ಬೆಂಚಿನಲ್ಲಿ ಕುಳಿತವರ ಪೈಕಿ ನಾನೂ ಒಬ್ಬಳು. ಹಳೆಯ ಪುಸ್ತಕಗಳನ್ನು ತರಿಸಿ ಮತ್ತೆ ಓದಿದೆ. ಮೂಡುಬಿದಿರೆಗೆ ವರ್ಗವಾದಾಗ ಅಲ್ಲಿಗೆ ಸಣ್ಣದೊಂದು ಸರ್ಕಸ್ ಬಂದು ಡೇರೆ ಹಾಕಿತು, ಅದರ ಕುಳ್ಳ ಕುದುರೆಗೆ ಕೆಮ್ಮು ಜ್ವರ ಬಂತು. ನನ್ನ ಸ್ಟೆತೊಸ್ಕೋಪಿನ ರಬ್ಬರು ನಮ್ಮೂರಿನ ಹವೆಗೆ ಬಿರಿದಿತ್ತು. ಹಾಗಾಗಿ ಬೈರಾಸು ಎಂಬ ತೆಳು ಟವೆಲನ್ನು ಹಾಸಿ ಕುದುರೆಯ ಎದೆಗೆ ನೇರ ಕಿವಿ ಕೊಟ್ಟೆ.

ಅದೇ ಹೊತ್ತಿಗೆ ತಪಾಸಣೆಗೆಂದು ಮಂಗಳೂರಿನಿಂದ ನನ್ನ ಮೇಲಧಿಕಾರಿ ಜೀಪಿನಲ್ಲಿ ಬಂದಿಳಿಯಬೇಕೇ! ಅವರು ಕೆಟ್ಟವರಲ್ಲ. ಆದರೆ ಎಲ್ಲಿ ತನ್ನ ಹೆಸರಿಗೆ ಮಸಿ ಹತ್ತುತ್ತದೋ ಎಂಬ ಹೆದರಿಕೆ ಅವರಿಗೆ ಮೂರು ಹೊತ್ತೂ ಇತ್ತು. "ಎಂತ ಮೇಡಂ ಇದು, ಸಾರ್ವಜನಿಕರ ಎದುರಿನಲ್ಲಿ ಕುದುರೆಯನ್ನು ಅಪ್ಪಿಕೊಳ್ಳುವುದಾ?" ಎಂದರು. "ಸ್ಟೆತೊಸ್ಕೋಪ್ ಕೊಡಿಸಿ ಸರ್, ಅದನ್ನೇ ಅಪ್ಪಿಕೊಳ್ಳುತ್ತೇನೆ" ಎಂದೆ. ಸರ್ಕಸ್ಸಿನವರು ನಕ್ಕರು. ಸ್ಟೆತೊಸ್ಕೋಪ್ ಏನೋ ಬಂತು, ಆದರೆ ಅವರು ನನ್ನನ್ನು ಮರೆಯಲೂ ಇಲ್ಲ.

ಆ ಕುಳ್ಳ ಕುದುರೆ ನನಗೆ ಎರಡು ವಿಷಯ ಕಲಿಸಿತು. ಒಂದು, ಎದೆಯೊಳಗೆ ಗೊರಗೊರ ಶಬ್ದ ಕೇಳಿದರೆ ಅಷ್ಟು ಹೆದರಬೇಡಿ. ಶಬ್ದವೇ ಇಲ್ಲದ ಕಡೆ ಹೆದರಿ. ಗಾಳಿ ಹೋಗದ ಜಾಗ ಮೌನವಾಗಿರುತ್ತದೆ. ಇನ್ನೊಂದು, ಕುದುರೆ ಸುಮ್ಮನೆ ನಿಂತಾಗ ಉಸಿರನ್ನು ಮೇಲೆ ಮೇಲೆ ಎಳೆಯುತ್ತದೆ, ರೋಗ ಕೇಳಿಸುವುದೇ ಇಲ್ಲ. ಗಲ್ಫಿನಿಂದ ಬಂದವರು ಬಟ್ಟೆ ತುಂಬಿ ತರುತ್ತಿದ್ದ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಅದರ ಮೂತಿಗೆ ಸಡಿಲಾಗಿ ಹಿಡಿದೆ. ಸ್ವಲ್ಪ ಹೊತ್ತಿನಲ್ಲಿ ಗಾಳಿ ಸಾಲದೆ ಆಳವಾಗಿ ಎಳೆಯತೊಡಗಿತು. ಆಗ ಒಳಗಿನದ್ದೆಲ್ಲ ಕಿವಿಗೆ ಬಂತು. ಈಗ ಇದಕ್ಕೆ ಬೇರೆ ಸಾಮಾನು ಉಂಟಂತೆ. ಇರಲಿ. ಆದರೆ ಉಸಿರಿಗೆ ಒದ್ದಾಡುತ್ತಿರುವ ಕುದುರೆಗೆ ಚೀಲ ಹಿಡಿಯಬೇಡಿ, ಅದನ್ನು ಕೊಲ್ಲುತ್ತೀರಿ. ಈ ಕುಳ್ಳ ಮಾತ್ರ ಬೇಗ ಗುಣವಾಗಿ ಸರ್ಕಸ್ಸಿನ ಜೊತೆ ಹೋಯಿತು.

ಎಂಬತ್ತರ ದಶಕ ಶುರುವಾದ ಮೇಲೆ ನಾನು ಬೆಳ್ತಂಗಡಿಗೆ ಬಂದೆ. ಒಂದು ದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವಾಗ ಮೆಟ್ಟಿಲಲ್ಲಿ ಮೋನಬ್ಬ ಏದುಸಿರು ಬಿಡುತ್ತ ನಿಂತಿದ್ದರು. ಗಡ್ಡ ನರೆತಿತ್ತು, ಆದರೂ ಗುರುತು ಸಿಕ್ಕಿತು.

"ಡಾಕ್ಟ್ರಮ್ಮ, ಒಂದು ಹೆಣ್ಣು ಕುದುರೆ ತಂದೆ, ಹಾಸನದ ಕಡೆಯಿಂದ. ಲಾರಿಯಲ್ಲಿ ಚಾರ್ಮಾಡಿ ಘಾಟಿ ಇಳಿಸಿ ತರುವಾಗ ನಡುಗ್ಲಿಕ್ಕೆ ಶುರು ಮಾಡ್ತು. ಲಾಯಿಲದಲ್ಲಿ ಇಳಿಸಿದ್ದೇನೆ. ಹೊಟ್ಟೆ ನೋವು ಅಂತ ಹೇಳ್ತಾರೆ. ಅಲ್ಲಿನ ಕೃಷ್ಣ ಶೆಟ್ರು ಕಷಾಯ ಕಾಯಿಸ್ತಾ ಇದ್ದಾರೆ. ಕುಡಿಸುವ ಮೊದಲು ನಿಮ್ಮನ್ನು ಕೇಳುವ ಅಂತ ಓಡಿ ಬಂದೆ."

"ಬಂದದ್ದು ಒಳ್ಳೆಯದಾಯ್ತು. ನಡೆಯಿರಿ" ಎಂದು ನಮ್ಮ ಕಾಂಪೌಂಡರ್ ಲೋಕಯ್ಯಣ್ಣನಿಗೆ ಚೀಲ ಹೊರಿಸಿಕೊಂಡು ಹೊರಟೆ. ದಾರಿಯಲ್ಲಿ ಮೋನಬ್ಬ ಹೇಳಿದರು. ಅಂಗಡಿಯ ಭಾವ ಈಗ ಗಲ್ಫಿಗೆ ಹೋಗಿ ಚೆನ್ನಾಗಿದ್ದಾನೆ, ಆಟೋ ತೆಗೆಸಿಕೊಡುತ್ತೇನೆ ಎನ್ನುತ್ತಾನೆ. "ನನಗೆ ಆಟೋ ಬೇಡ ಡಾಕ್ಟ್ರಮ್ಮ. ಇನ್ನೊಬ್ಬರ ಅಂಗಡಿಯಲ್ಲಿ ಮೂಟೆ ಹೊತ್ತು ಸಾಕಾಯ್ತು. ನನಗೆ ಗೊತ್ತಿರುವ ಕೆಲಸ ಒಂದೇ. ಇದೂ ಹೋದ್ರೆ ಇನ್ನೊಂದು ತರುವ ತ್ರಾಣ ನನಗಿಲ್ಲ, ಗಾಡಿ ಅಲ್ಲೇ ಗೆದ್ದಲು ಹಿಡಿದು ಹೋಗ್ತದೆ" ಎಂದರು. ಅದಕ್ಕಿಂತ ಹೆಚ್ಚು ಮಾತು ಆ ಮನುಷ್ಯ ಆಡಿದ್ದನ್ನು ನಾನು ಕೇಳಿರಲಿಲ್ಲ.

ಲಾಯಿಲದಲ್ಲಿ ರಸ್ತೆ ಬದಿಯ ಕೊಟ್ಟಿಗೆಯೊಂದರಲ್ಲಿ ಕುದುರೆಯನ್ನು ಕಟ್ಟಿದ್ದರು. ಬೂದು ಬಣ್ಣದ ಚೆಂದದ ಕುದುರೆ. ಹಳೆಯ ಯಜಮಾನ ಇಟ್ಟ ಹೆಸರು ಚಾಂದಿನಿ. ಶೀತವೆಂದು ಬಾಗಿಲಿಗೆ ಗೋಣಿ ಕಟ್ಟಿ ಒಳಗೆ ಹೊಗೆ ಬೇರೆ ಹಾಕಿದ್ದರು. ಎದುರಿಗೆ ಕಂಬಳದ ಕೋಣ ಸಾಕುವ ಕೃಷ್ಣ ಶೆಟ್ಟರು, ಕೈಯಲ್ಲಿ ಗೊಟ್ಟ, ಪಕ್ಕದಲ್ಲಿ ಹಬೆಯಾಡುವ ಪಾತ್ರೆ.

"ಹೊಟ್ಟೆ ನೋವೇ ಡಾಕ್ಟ್ರಮ್ಮ, ಸಂಶಯ ಇಲ್ಲ. ಹುಲ್ಲು ಮುಟ್ಟುವುದಿಲ್ಲ, ಬೆವರ್ತದೆ, ನರಳ್ತದೆ. ನನ್ನ ಕೋಣಕ್ಕೆ ಹೀಗೇ ಆಗಿತ್ತು" ಎಂದರು.

"ಶೆಟ್ರೇ, ಹೊಟ್ಟೆ ನೋಯುವ ಕುದುರೆ ಹೊರಳ್ತದೆ. ಕಾಲಿಂದ ನೆಲ ಕೆರೀತದೆ, ಹೊಟ್ಟೆಯನ್ನೇ ತಿರುಗಿ ತಿರುಗಿ ನೋಡ್ತದೆ. ಇದು ಹೊರಳಿತಾ?"

"ಇಲ್ಲ. ನಿಂತಲ್ಲೇ ನಿಂತಿದೆ."

"ಅಷ್ಟೇ. ಎದೆ ನೋಯುವ ಕುದುರೆ ಹೊರಳುವುದಿಲ್ಲ. ಮಲಗುವುದೂ ಇಲ್ಲ."

ಹೊಸಬರು ಇದನ್ನು ಗಮನವಿಟ್ಟು ಓದಿ. ಚಾಂದಿನಿ ಮೊಣಕೈಗಳನ್ನು ಹೊರಕ್ಕೆ ಚಾಚಿ ಕಂಬದಂತೆ ನಿಂತಿತ್ತು. ಮೂಗಿನ ಹೊಳ್ಳೆ ಅರಳಿತ್ತು. ತಿರುಗಿಸಿದರೆ ಇಡೀ ಮೈ ಒಟ್ಟಿಗೆ ತಿರುಗಿಸುತ್ತಿತ್ತು, ಬಳುಕುತ್ತಿರಲಿಲ್ಲ. ಪಕ್ಕೆಲುಬುಗಳ ನಡುವೆ ಬೆರಳಿನಿಂದ ಒತ್ತಿದೆ. ಹೂಂ ಎಂದು ನರಳಿತು. ಕೆಮ್ಮಲು ಹೋಗಿ, ನೋವಿಗೆ ಹೆದರಿ ಕೆಮ್ಮನ್ನು ನುಂಗಿತು. ಜ್ವರ ಸುಡುತ್ತಿತ್ತು. ಆಮೇಲೆ ಒಂದು ಕೈಯನ್ನು ಎದೆಯ ಮೇಲಿಟ್ಟು ಇನ್ನೊಂದು ಕೈಯ ಬೆರಳಿನಿಂದ ಮೇಲಿನಿಂದ ಕೆಳಗೆ ತಟ್ಟುತ್ತ ಬಂದೆ, ಹಲಸಿನ ಹಣ್ಣನ್ನು ತಟ್ಟಿ ನೋಡುತ್ತೇವಲ್ಲ, ಹಾಗೆ. ಮೇಲೆ ಟೊಳ್ಳು ಸದ್ದು. ಕೆಳಗೆ ಬಂದಾಗ ಒಂದು ಗೆರೆ ಎಳೆದಂತೆ ಸದ್ದು ಸತ್ತುಹೋಯಿತು. ಆ ಗೆರೆಯ ಕೆಳಗೆ ಕಿವಿ ಕೊಟ್ಟರೆ ಮೌನ. ಶ್ವಾಸಕೋಶದ ಸುತ್ತ ನೀರು ಸೇರಿತ್ತು.

"ಲಾರಿಯಲ್ಲಿ ಇದರ ತಲೆ ಹೇಗೆ ಕಟ್ಟಿದ್ರಿ?" ಎಂದು ಕೇಳಿದೆ.

"ಘಾಟಿಯ ತಿರುವಲ್ಲಿ ಬೀಳಬಾರದು ಅಂತ ಮೇಲಿನ ಸರಳಿಗೆ ಗಿಡ್ಡ ಮಾಡಿ ಕಟ್ಟಿದೆವು" ಎಂದರು ಮೋನಬ್ಬ. "ಘಾಟಿಯಲ್ಲಿ ಲಾರಿ ಕೆಟ್ಟು ಒಂದಿಡೀ ದಿನ ಅಲ್ಲೇ ನಿಂತಿತು. ಇಳಿಸ್ಲಿಕ್ಕೆ ಜಾಗ ಇರ್ಲಿಲ್ಲ."

ಆಯಿತಲ್ಲ, ಉತ್ತರ ಸಿಕ್ಕಿತು. ಕುದುರೆ ತಲೆ ತಗ್ಗಿಸಿಯೇ ಎದೆಯನ್ನು ಶುಚಿ ಮಾಡಿಕೊಳ್ಳಬೇಕು. ಮೇಯುವಾಗ ಸಿಂಬಳ, ಧೂಳು, ಕಸ ಎಲ್ಲ ತಾನಾಗಿ ಇಳಿದು ಹೋಗುತ್ತದೆ. ತಲೆಯನ್ನು ಮೇಲೆ ಕಟ್ಟಿಟ್ಟರೆ ಅದೆಲ್ಲ ಒಳಕ್ಕೇ ಇಳಿದು ಕೊಳೆಯುತ್ತದೆ. ದೂರದಿಂದ ಲಾರಿಯಲ್ಲಿ ಬಂದ ಕುದುರೆಗೆ ಜ್ವರವೆಂದರೆ ಮೊದಲ ಪ್ರಶ್ನೆ ಇದೇ ಇರಬೇಕು: ಹಗ್ಗ ಎಷ್ಟು ಉದ್ದ ಇತ್ತು?

"ಇದರ ಬಾಯಿಗೆ ಯಾರೂ ಏನೂ ಹೊಯ್ಯುವ ಹಾಗಿಲ್ಲ" ಎಂದೆ.

ಶೆಟ್ಟರ ಮುಖ ಕೆಂಪಾಯಿತು. "ನಮ್ಮ ಅಜ್ಜನ ಕಾಲದಿಂದ ಮಾಡಿಕೊಂಡು ಬಂದದ್ದು. ನನ್ನ ಕೈಯಲ್ಲಿ ಒಂದು ಕೋಣ ಸತ್ತದ್ದಿಲ್ಲ" ಎಂದರು.

"ಕೋಣಕ್ಕೆ ನೀವೇ ಡಾಕ್ಟ್ರು ಶೆಟ್ರೇ, ನಾನು ಬಾಯಿ ಮುಚ್ಚಿಕೊಳ್ತೇನೆ. ಇದು ಕುದುರೆ."

ಮೋನಬ್ಬ ಹೋಗಿ, ಬೈರಾಸಿನಲ್ಲಿ ಹಿಡಿದು ಆ ಪಾತ್ರೆ ಎತ್ತಿ, ಕಷಾಯವನ್ನು ತೆಂಗಿನ ಬುಡಕ್ಕೆ ಹೊಯ್ದುಬಿಟ್ಟರು. "ಬೇಜಾರು ಮಾಡ್ಬೇಡಿ ಶೆಟ್ರೇ. ನಾನು ಒಮ್ಮೆ ಒಳಗೆ ನೋಡಿದ್ದೇನೆ" ಎಂದರು. ಶೆಟ್ಟರು ಗೊಟ್ಟ ಹೆಗಲಿಗೇರಿಸಿ ಹೊರಟೇಹೋದರು.

ಕೊಟ್ಟಿಗೆಯಿಂದ ಕುದುರೆಯನ್ನು ಹೊರಗೆ ತಂದು ಹಲಸಿನ ಮರದ ಕೆಳಗೆ ಮಡಲಿನ ಚಪ್ಪರ ಹಾಕಿಸಿದೆ. "ಎದೆಯ ರೋಗಕ್ಕೆ ಗಾಳಿಗೆ ನಿಲ್ಲಿಸುವುದಾ?" ಎಂದು ಊರಿನವರು ಮೂಗಿನ ಮೇಲೆ ಬೆರಳಿಟ್ಟರು. ಹೊಗೆ, ಧೂಳು, ಉಚ್ಚೆಯ ಘಾಟು ಇರುವ ಬೆಚ್ಚಗಿನ ಕೋಣೆಗಿಂತ ಬಯಲ ಗಾಳಿ ಸಾವಿರ ಪಾಲು ಮೇಲು. ಹಗ್ಗ ಉದ್ದ ಬಿಟ್ಟೆ. ಹಸಿ ಹುಲ್ಲನ್ನು ನೆಲದ ಮೇಲೇ ಹಾಕಿಸಿದೆ, ತಲೆ ತಗ್ಗಿಸಲೇಬೇಕು ಎಂದು. ಪೆನ್ಸಿಲಿನ್, ಸ್ಟ್ರೆಪ್ಟೊಮೈಸಿನ್ ಹೊತ್ತು ಹೊತ್ತಿಗೆ ಶುರು ಮಾಡಿದೆ. ಒಂದು ಹೊತ್ತೂ ತಪ್ಪಿಸಬಾರದು. ಸಂಜೆಯ ಇಂಜೆಕ್ಷನ್ ನಾಳೆ ಬೆಳಿಗ್ಗೆ ಕೊಟ್ಟರಾಯಿತು ಎನ್ನುವವರು ಈ ರೋಗಕ್ಕೆ ಕೈ ಹಾಕುವುದೇ ಬೇಡ. ಸೂಜಿ ಕಂಡರೆ ಚಾಂದಿನಿ ಒದೆಯತೊಡಗಿತು. ಮೋನಬ್ಬ ತನ್ನ ಅಂಗೈಯಿಂದ ಅದರ ಕಣ್ಣು ಮುಚ್ಚಿ ಬ್ಯಾರಿ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು.

ದಿನಾ ಬೆಳಿಗ್ಗೆ ಎದೆ ತಟ್ಟಿ, ಸದ್ದು ಸಾಯುವ ಕಡೆ ಸುಣ್ಣದಲ್ಲಿ ಗೆರೆ ಹಾಕುತ್ತಿದ್ದೆ. ಗೆರೆ ದಿನದಿಂದ ದಿನಕ್ಕೆ ಮೇಲೇರಿತು. ಮೋನಬ್ಬ ಬಂಟ್ವಾಳದವರು, ನೆರೆಯ ನೀರು ಗೋಡೆಯಲ್ಲಿ ಏರುವುದನ್ನು ಕಂಡವರು. ಅವರಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಗೆರೆ ನೋಡುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು. ನನಗೆ ಅವರ ಕಣ್ಣು ತಪ್ಪಿಸುವುದೇ ಒಂದು ಕೆಲಸವಾಯಿತು.

ಆಗ ಮತ್ತೆ ಬಂತು ಜೀಪು. ಮೇಲಧಿಕಾರಿಗಳು ಮರದ ಬುಡದಲ್ಲಿ ನಿಂತು ಸುಣ್ಣದ ಗೆರೆಗಳನ್ನು ನೋಡಿದರು. "ನೀರು ತೆಗೆಯಬೇಕು ಸರ್, ಎದೆಗೆ ತೂತು ಮಾಡಿ" ಎಂದೆ.

"ಇಲ್ಲಿಯಾ? ಈ ಹಲಸಿನ ಮರದ ಕೆಳಗಾ? ನಿಮಗೆ ತಲೆ ಸರಿ ಉಂಟಾ ಮೇಡಂ? ಸುಮ್ಮನೆ ಇಂಜೆಕ್ಷನ್ ಕೊಡ್ತಾ ಇರಿ. ಮತ್ತೆ ಅದರ ಹಣೆಬರಹ."

"ನೀರು ತೆಗೆಯದಿದ್ದರೂ ಅದು ಸಾಯ್ತದೆ ಸರ್."

"ಸಾಯಲಿ. ಆಗ ರೋಗದಿಂದ ಸತ್ತ ಹಾಗೆ. ನೀವು ಚುಚ್ಚಿದ ಮೇಲೆ ಸತ್ತರೆ ನೀವು ಕೊಂದ ಹಾಗೆ. ನಾನು ಬೇಡ ಅಂತ ಹೇಳಿದ್ದೇನೆ, ನೆನಪಿರಲಿ."

ನೆನಪಿದೆ, ಇವತ್ತಿಗೂ ಇದೆ. ಜೀಪು ಹೋಯಿತು. ಹೋದ ಪುಟ್ಟ ಬಂದ ಪುಟ್ಟ ಎನ್ನುವ ಹಾಗೆ ಅವರ ತಪಾಸಣೆ. ನಾನು ಲೋಕಯ್ಯಣ್ಣನಿಗೆ ನೀರು ಕುದಿಸಲು ಹೇಳಿದೆ. ಆ ಹಿರಿಯ ಕೂಡಲೇ ಒಲೆ ಹೊತ್ತಿಸಿದ.

ಮೋನಬ್ಬರ ಹತ್ತಿರ ಮಾತ್ರ ಮುಚ್ಚುಮರೆ ಮಾಡಲಿಲ್ಲ. "ಎದೆಗೆ ಕೊಳವೆ ಹಾಕ್ತೇನೆ. ಹಾಕುವಾಗಲೇ ಬಿದ್ದು ಸತ್ತರೂ ಸತ್ತೀತು" ಎಂದೆ.

"ನಿಮಗೆ ಧೈರ್ಯ ಉಂಟಾ ಡಾಕ್ಟ್ರಮ್ಮ?"

"ಇಲ್ಲ. ಆದರೆ ಬೇರೆ ದಾರಿಯೂ ಇಲ್ಲ."

ಅವರು ಕುದುರೆಯ ಕುತ್ತಿಗೆ ಸವರಿದರು. "ಹಾಗಾದ್ರೆ ಮಾಡುವ" ಎಂದರು.

ತಲೆ ಹಿಡಿಯಲು ಗಟ್ಟಿ ಕೈ ಬೇಕಿತ್ತು. ಮೋನಬ್ಬ ಕೊಡಪಾನ ಹಿಡಿಯಬೇಕಿತ್ತು, ಲೋಕಯ್ಯಣ್ಣ ನನ್ನ ಕೈಗೆ ಸಾಮಾನು ಕೊಡಬೇಕಿತ್ತು. ಯಾರು ಹೇಳಿಕಳಿಸಿದರೋ, ಕೃಷ್ಣ ಶೆಟ್ಟರು ಬಂದರು. ನನ್ನನ್ನು ನೋಡಲಿಲ್ಲ. ನೇರ ಹೋಗಿ ಕುದುರೆಯ ಮೂತಿಯನ್ನು ತನ್ನ ಎದೆಗೆ ಒತ್ತಿ ಹಿಡಿದು, "ಆವು ಮಗಾ, ಆವು, ಆಯ್ತು" ಎಂದು ಸಮಾಧಾನ ಮಾಡತೊಡಗಿದರು. ಪ್ರಾಣಿ ಹಿಡಿಯುವುದರಲ್ಲಿ ಕಂಬಳದವರನ್ನು ಮೀರಿಸಿದವರಿಲ್ಲ. ಆ ಹೊತ್ತಿಗೆ ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಎದೆಯ ಕೆಳಭಾಗದಲ್ಲಿ ಕೂದಲು ಬೋಳಿಸಿ, ಅಯೋಡಿನ್ ಹಚ್ಚಿ, ಮರಗಟ್ಟಿಸುವ ಮದ್ದು ಕೊಟ್ಟೆ. ಪಕ್ಕೆಲುಬಿನ ಹಿಂಬದಿಯ ಅಂಚಿಗೆ ರಕ್ತನಾಳ ತಾಗಿಕೊಂಡಿರುತ್ತದೆ. ಅದಕ್ಕೆ ಯಾವಾಗಲೂ ಎಲುಬಿನ ಮುಂದಿನ ಅಂಚಿನಲ್ಲೇ ಸಾಗಬೇಕು. ದನದ ಹೊಟ್ಟೆಯುಬ್ಬರಕ್ಕೆ ಚುಚ್ಚುವ ದಪ್ಪ ಕೊಳವೆಯನ್ನು ಇಲ್ಲಿಗೆ ತರಬೇಡಿ. ನನ್ನಲ್ಲಿ ಹಸುವಿನ ಕೆಚ್ಚಲಿಗೆ ಹಾಕುವ ಸಪೂರ ಕೊಳವೆ ಇತ್ತು, ಅದನ್ನೇ ಕುದಿಸಿಟ್ಟಿದ್ದೆ. ಚರ್ಮದಲ್ಲಿ ಸಣ್ಣ ಗಾಯ ಮಾಡಿ ಮೆಲ್ಲನೆ ಒತ್ತಿದೆ. ಒಮ್ಮೆಲೇ ಟಕ್ಕೆಂದು ಒಳಗೆ ಹೋಯಿತು. ಅಕ್ಕಿ ತೊಳೆದ ನೀರಿನ ಹಾಗೆ, ಸ್ವಲ್ಪ ಹಳದಿ ಛಾಯೆಯ ನೀರು ಬಂತು. ಮೂಸಿದೆ. ನಾತವಿರಲಿಲ್ಲ! ಅಷ್ಟು ಹೊತ್ತಿನಲ್ಲಿ ನಾನು ಬಿಟ್ಟ ಮೊದಲ ಉಸಿರು ಅದು. ಕೊಡಪಾನ ತುಂಬುತ್ತ ಬಂತು. ಎಲ್ಲವನ್ನೂ ಒಂದೇ ಸಲ ತೆಗೆದರೆ ಪ್ರಾಣಿ ಕುಸಿಯುತ್ತದೆ. ನಡುನಡುವೆ ಬೆರಳಿಟ್ಟು ತಡೆದು, ಕೊನೆಗೆ ಸ್ವಲ್ಪ ಉಳಿಸಿಯೇ ಕೊಳವೆ ಎಳೆದೆ. ಚಾಂದಿನಿಯ ಮೊಣಕೈಗಳು ನಿಧಾನವಾಗಿ ಒಳಗೆ ಬಂದವು. ತಲೆ ತಗ್ಗಿಸಿ ಒಂದು ಎಸಳು ಹುಲ್ಲು ಕಚ್ಚಿತು. ಶೆಟ್ಟರು ಆಗ ನನ್ನತ್ತ ತಿರುಗಿದರು: "ಮಾರಾಯ್ತಿ, ಇಷ್ಟು ನೀರು ಇಟ್ಟುಕೊಂಡು ಇದು ನಿಂತದ್ದಾದರೂ ಹೇಗೆ?"

ಗೆದ್ದೆವು ಎಂದುಕೊಂಡೆವು. ಇಲ್ಲ. ಸ್ವಲ್ಪ ದಿನದಲ್ಲಿ ಜ್ವರ ಮತ್ತೆ ಏರಿತು. ಇನ್ನೊಮ್ಮೆ ನೀರು ತೆಗೆದೆ, ಜ್ವರ ಜಗ್ಗಲಿಲ್ಲ. ಸ್ಟ್ರೆಪ್ಟೊಮೈಸಿನ್ ಈ ಕ್ರಿಮಿಯ ಮುಂದೆ ಸೋತಿತ್ತು. ಆಗ ಮನುಷ್ಯರ ಆಸ್ಪತ್ರೆಗಳಲ್ಲಿ ಜೆಂಟಮೈಸಿನ್ ಎಂಬ ಹೊಸ ಇಂಜೆಕ್ಷನ್ ಬಳಕೆಗೆ ಬರುತ್ತಿತ್ತು. ನಮ್ಮ ಕಪಾಟಿಗೆ ಬಂದಿರಲಿಲ್ಲ. ಮಂಗಳೂರಿನ ಮೆಡಿಕಲ್ ಶಾಪುಗಳಿಗೆ ಚೀಟಿ ಬರೆದುಕೊಟ್ಟೆ. ತರಲು ಬಸ್ಸು ಹತ್ತಿದವರು ಕೃಷ್ಣ ಶೆಟ್ಟರು. ಒಂದು ಅಂಗಡಿಯಲ್ಲಿ, "ರೋಗಿಯ ವಯಸ್ಸೆಷ್ಟು, ಇಷ್ಟು ಡೋಸ್ ಯಾರಿಗೆ?" ಎಂದು ಕೇಳಿದರಂತೆ. "ನಮ್ಮ ಮನೆಯ ಹೆಣ್ಣು ಸ್ವಲ್ಪ ತೋರ ಉಂಟು" ಎಂದು ಹೇಳಿ ತಂದರಂತೆ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅಷ್ಟು ದಿನದ ಮೇಲೆ ಮೋನಬ್ಬ ನಕ್ಕದ್ದನ್ನು ಅಂದೇ ಕಂಡೆ. ಈ ಮದ್ದು ಮೂತ್ರಪಿಂಡಕ್ಕೆ ಕಷ್ಟ. ಕುದುರೆ ನೀರು ಕುಡಿಯುತ್ತಿದೆಯೇ ಎಂದು ಕಣ್ಣಿಟ್ಟಿರಬೇಕು. ಪೆನ್ಸಿಲಿನ್ ನಿಲ್ಲಿಸದೆ ಇದನ್ನೂ ಕೂಡಿಸಿದೆ. ಜ್ವರ ಇಳಿಯಿತು, ಸುಣ್ಣದ ಗೆರೆಯೂ ಇಳಿಯತೊಡಗಿತು. ಒಂದು ಬೆಳಿಗ್ಗೆ ಚಾಂದಿನಿ ಲೋಕಯ್ಯಣ್ಣನ ಹೆಗಲನ್ನು ಕಚ್ಚಿಬಿಟ್ಟಿತು. ಅವನು "ಅಯ್ಯಮ್ಮಾ!" ಎಂದು ಹಾರಿದ. ಕಚ್ಚುವಷ್ಟು ಸಿಟ್ಟು ಬಂತೆಂದರೆ ಕುದುರೆ ಬದುಕಿತೆಂದೇ ಅರ್ಥ. ನಾನು ಮರದ ಹಿಂದೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಮುಂದಿನ ತಪಾಸಣೆಯಲ್ಲಿ ಮೇಲಧಿಕಾರಿಗಳು, "ಆ ಕುದುರೆ ಎಂತ ಆಯ್ತು?" ಎಂದು ಕೇಳಿದರು. "ಬದುಕಿದೆ ಸರ್" ಎಂದೆ. "ನೋಡಿ, ಇಂಜೆಕ್ಷನ್ ಸಾಕು ಅಂತ ನಾನು ಹೇಳಲಿಲ್ವಾ?" ಎಂದರು. ಅವರಿಗೊಂದು ಚಾ ತರಿಸಿ ಕೊಟ್ಟೆ.

ಇದೆಲ್ಲಕ್ಕಿಂತ ಕಷ್ಟದ ಕೆಲಸ ಇನ್ನೂ ಉಳಿದಿತ್ತು. ಜೀವ ಉಳಿಸುವುದು ಬೇರೆ, ದುಡಿಯುವ ಎದೆ ಉಳಿಸುವುದು ಬೇರೆ. ಚಾಂದಿನಿಯ ಶ್ವಾಸಕೋಶ ಒಂದು ಬದಿಯಲ್ಲಿ ಪಕ್ಕೆಗೆ ಅಂಟಿಕೊಂಡಿತ್ತು. ಹೊರಡುವ ದಿನ ಮೋನಬ್ಬರನ್ನು ಕೂರಿಸಿಕೊಂಡು ಹೇಳಿದೆ: "ಬರುವ ಮಳೆಗಾಲ ಕಳೆಯುವ ತನಕ ಇದರ ಹೆಗಲಿಗೆ ಏನೂ ಇಡಬಾರದು. ಮತ್ತೆಯೂ ಸಮತಟ್ಟಿನಲ್ಲಿ ಮಾತ್ರ ಎಳೆದೀತು. ಏರಿನಲ್ಲಿ ಹೊರೆ ಎಳೆಸಿದರೆ ಇದು ನಿಮ್ಮ ಕೈಗೆ ಉಳಿಯುವುದಿಲ್ಲ."

ಬಂಟ್ವಾಳದ ಸುತ್ತ ಸಮತಟ್ಟು ರಸ್ತೆ ಎಷ್ಟಿದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತೆಂದು ನನಗೆ ಸಂಕಟ. ಅವರು "ಆಯ್ತು" ಎಂದರು ಅಷ್ಟೇ. ಲಾರಿ ಹತ್ತಿಸಲಿಲ್ಲ. ಹಗ್ಗವನ್ನು ಸಡಿಲಾಗಿ ಹಿಡಿದು, ಲಾಯಿಲದಿಂದ ನರಿಕೊಂಬಿಗೆ ಕುದುರೆಯ ಜೊತೆ ನಡೆದೇ ಹೊರಟರು, ನಿಂತು ನಿಂತು, ಮೇಯಿಸಿಕೊಂಡು.

ಆಟೋ ತೆಗೆದುಕೊಂಡಿರಬೇಕು, ಕುದುರೆ ಹಿತ್ತಿಲಲ್ಲಿ ಮೇಯುತ್ತಿರಬೇಕು ಎಂದು ನಾನು ಎಣಿಸಿದ್ದೆ. ಮುಂದಿನ ವರ್ಷ ಮಳೆ ನಿಂತ ಮೇಲೆ ಏನೋ ಕೆಲಸಕ್ಕೆ ಬಂಟ್ವಾಳಕ್ಕೆ ಹೋದಾಗ ಬಿ.ಸಿ.ರೋಡ್ ಪೇಟೆಯಲ್ಲಿ ಆಟೋಗಳ ಸಾಲಿನ ಕೊನೆಯಲ್ಲಿ ಪರದೆ ಕಟ್ಟಿದ ಗಾಡಿ, ಅದಕ್ಕೆ ಚಾಂದಿನಿ! ಕೂದಲು ಮಿರಮಿರ ಮಿಂಚುತ್ತಿತ್ತು. ಮೋನಬ್ಬ ಓಡಿ ಬಂದರು. "ಹತ್ತಿ ಡಾಕ್ಟ್ರಮ್ಮ, ಮನೆಗೆ ಹೋಗುವ. ಊಟ ಮಾಡದೆ ಬಿಡುವುದಿಲ್ಲ" ಎಂದರು. ಒಳಗೆ ಬುರ್ಖಾ ಹಾಕಿದ ಇಬ್ಬರು ಹೆಂಗಸರಿದ್ದರು, ಸರಿದು ಜಾಗ ಕೊಟ್ಟರು.

ಗಾಡಿ ಸಮತಟ್ಟಿನಲ್ಲಿ ಆರಾಮಾಗಿ ಹೋಗುತ್ತಿತ್ತು. ನನ್ನ ಕಿವಿ ಎಲ್ಲ ಕುದುರೆಯ ಉಸಿರಿನ ಮೇಲೆ. ಒಂದು ಏರಿನ ಬುಡಕ್ಕೆ ಬಂದಾಗ ಗಾಡಿ ನಿಂತಿತು. ಇಬ್ಬರು ಹೆಂಗಸರೂ ಅಭ್ಯಾಸದವರಂತೆ ಇಳಿದು, ಮಾತಾಡಿಕೊಂಡು ನಡೆಯತೊಡಗಿದರು. ಮೋನಬ್ಬರೂ ಇಳಿದು ಕಡಿವಾಣದ ಪಕ್ಕ ನಿಂತರು. ನಾನು ಕುಳಿತೇ ಇದ್ದೆ.

"ಇಳಿಯಿರಿ ಡಾಕ್ಟ್ರಮ್ಮ."

ದನ ಒದ್ದ ಮಂಡಿ ಇನ್ನೂ ನೋಯುತ್ತಿತ್ತು, ಬಿಸಿಲು ಬೇರೆ. "ಎಂತ ಮೋನಬ್ಬರೇ, ಈ ಕುದುರೆಯನ್ನು ಉಳಿಸಿದವಳಿಗೂ ಇಳಿ ಅಂತ ಹೇಳ್ತೀರಾ?" ಎಂದು ಜೋರು ಮಾಡಿದೆ.

"ಬಸುರಿಯರನ್ನು ಬಿಟ್ಟು ಎಲ್ಲರೂ ಇಳಿಯಬೇಕು. ಇಳಿಯದವರನ್ನು ನಾನು ಹತ್ತಿಸುವುದಿಲ್ಲ" ಎಂದರು ಮೋನಬ್ಬ. ದನಿ ಮೆತ್ತಗಿತ್ತು, ಆದರೆ ಒಂದು ಹೆಜ್ಜೆ ಹಿಂದೆ ಸರಿಯುವ ಆಸಾಮಿಯಲ್ಲ. "ಏರಿನಲ್ಲಿ ಹೊರೆ ಬೇಡ ಅಂತ ನೀವೇ ಹೇಳಿದ್ದಲ್ವಾ. ಇಳಿಯಿರಿ."

ಇಳಿದೆ. ಏರು ಮುಗಿಯುವ ತನಕ ಆ ಹೆಂಗಸರ ಜೊತೆ ನಡೆದೆ.